ಕೈಯಲ್ಲಿ ವೈದ್ಯರ ಪತ್ರ, ತಲೆಯ ಮೇಲೆ ಗಾಂಜಾ ಮೊಕದ್ದಮೆ

2004ರ ಡಿಸೆಂಬರ್ ತಿಂಗಳು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಈಶಾನ್ಯ ಮೂಲೆಯ ಸ್ಟೀವನ್ಸ್ ಕೌಂಟಿಯಲ್ಲಿ ಷೆರಿಫ್ ಕಚೇರಿಯ ಇಬ್ಬರು ಅಧಿಕಾರಿಗಳು ಒಂದು ಮನೆಯ ಬಾಗಿಲಿಗೆ ಬಂದರು. ಗಾಂಜಾ ಸೇದಿದ ವಾಸನೆ ಹೊರಗೇ ಮೂಗಿಗೆ ಬಡಿಯುತ್ತಿತ್ತು. ಬಾಗಿಲು ತೆರೆದ ಮನೆಯೊಡೆಯ ತನಗೆ ವೈದ್ಯರ ಒಪ್ಪಿಗೆ ಇದೆ ಎಂದ. ವಾರಂಟ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದೂ ಹೇಳಿದ. ಹೆಂಡತಿ ಒಳಗಿನಿಂದ ಆ ಪತ್ರವನ್ನೇ ತಂದು ತೋರಿಸಿದಳು. ಅಧಿಕಾರಿಗಳು ಪತ್ರ ನೋಡಿದರು, ಫೋನಿನ ಮೂಲಕವೇ ಶೋಧ ವಾರಂಟ್ ಪಡೆದರು, ಮನೆಯನ್ನು ಜಾಲಾಡಿದರು. ಎರಡು ಪೌಂಡ್ ಗಾಂಜಾ, ಎಂದರೆ 900 ಗ್ರಾಂಗೂ ಹೆಚ್ಚು, ಸಿಕ್ಕಿತು. ಮೊಕದ್ದಮೆ ದಾಖಲಾಯಿತು.

ಪತ್ರವನ್ನು ಕಣ್ಣಾರೆ ನೋಡಿದ ಮೇಲೂ ಶೋಧ ನಡೆಸಬಹುದೇ ಎಂಬ ಪ್ರಶ್ನೆ ಕೆಳಗಿನ ನ್ಯಾಯಾಲಯಗಳನ್ನು ದಾಟಿ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಯಿತು. 2010ರ ಜನವರಿಯಲ್ಲಿ ಉತ್ತರ ಬಂತು: ನಡೆಸಬಹುದು. ವಕೀಲರು ಇಂದಿಗೂ ಆ ಮನೆಯೊಡೆಯನ ಹೆಸರಿನಿಂದ ಫ್ರೈ ತೀರ್ಪು ಎಂದು ಕರೆಯುವ ಈ ತೀರ್ಪಿನ ತಿರುಳು ಇಷ್ಟು. ವೈದ್ಯರ ಪತ್ರ ಇದ್ದ ಮಾತ್ರಕ್ಕೆ ಅಪರಾಧ ನಡೆದಿದೆ ಎಂಬ ಶಂಕೆ ಅಳಿಯುವುದಿಲ್ಲ. ಪತ್ರವು ವಿಚಾರಣೆಯಲ್ಲಿ ಮುಂದಿಡಬಹುದಾದ ಒಂದು ಸಮರ್ಥನೆ, ಬಂಧನವನ್ನು ತಡೆಯುವ ಗೋಡೆಯಲ್ಲ. ನ್ಯಾಯಮೂರ್ತಿ ರಿಚರ್ಡ್ ಸ್ಯಾಂಡರ್ಸ್ ಭಿನ್ನಮತ ಬರೆದರು, ಆದರೆ ಬಹುಮತದ ಮುಂದೆ ಅದು ನಿಲ್ಲಲಿಲ್ಲ.

ವೈದ್ಯಕೀಯ ಗಾಂಜಾ ಕುರಿತ ಸುದ್ದಿ ಓದುವ ನಮ್ಮವರಲ್ಲಿ ಹೆಚ್ಚಿನವರು, ಅಮೆರಿಕದಲ್ಲೇ ನೆಲೆಸಿದ ಕನ್ನಡಿಗರೂ ಸೇರಿದಂತೆ, ಈ ಪತ್ರವನ್ನು ಒಂದು ಬಗೆಯ ಪರವಾನಗಿ ಎಂದು ತಿಳಿದಿದ್ದಾರೆ. ವಾಷಿಂಗ್ಟನ್‌ನಲ್ಲಿ ಅದರ ಹೆಸರೇ ಆಥರೈಸೇಶನ್. ಈ ಹೆಸರು ರೋಗಿಗೆ ಕೊಡುವ ಭರವಸೆಗೂ ಕಾನೂನು ಅವನಿಗೆ ಕೊಡುವ ರಕ್ಷಣೆಗೂ ನಡುವೆ ದೊಡ್ಡ ಕಂದಕವಿದೆ. ಕಾಯಿಲೆಯಲ್ಲಿ ನರಳುವವರು ಆ ಕಂದಕಕ್ಕೆ ಬಿದ್ದ ಮೇಲೆಯೇ ಅದನ್ನು ಕಾಣುವಂತಾಗಿರುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಮೊದಲು ಪತ್ರ ಏನಲ್ಲ ಎಂಬುದನ್ನು ನೋಡೋಣ. ಅದು ಔಷಧ ಚೀಟಿಯಲ್ಲ. 1970ರ ಕೇಂದ್ರ ಕಾನೂನು ಗಾಂಜಾವನ್ನು ಹೆರಾಯಿನ್ ಜೊತೆಗೆ ಒಂದನೇ ಪಟ್ಟಿಯಲ್ಲಿ, ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಸಾಲಿನಲ್ಲಿ ಕೂರಿಸಿತು. ಆ ಪಟ್ಟಿಯ ವಸ್ತುವನ್ನು ಯಾವ ವೈದ್ಯರೂ ಚೀಟಿ ಬರೆದು ಕೊಡುವಂತಿಲ್ಲ. ಹಾಗಾದರೆ ವೈದ್ಯರು ಬರೆಯುವುದಾದರೂ ಏನನ್ನು? ಈ ರೋಗಿಗೆ ಇಂಥ ಕಾಯಿಲೆಯಿದೆ, ಗಾಂಜಾದಿಂದ ಉಪಯೋಗವಾಗಬಹುದು ಎಂಬ ತಮ್ಮ ಅಭಿಪ್ರಾಯವನ್ನು. 2002ರಲ್ಲಿ ಪಶ್ಚಿಮ ರಾಜ್ಯಗಳಿಗೆ ಸೇರಿದ ಕೇಂದ್ರದ ಒಂಬತ್ತನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯವು ಹೀಗೆ ಅಭಿಪ್ರಾಯ ಹೇಳುವುದು ವೈದ್ಯರ ವಾಕ್ ಸ್ವಾತಂತ್ರ್ಯಕ್ಕೆ ಸೇರಿದ್ದು, ಅದಕ್ಕಾಗಿ ಕೇಂದ್ರ ಸರ್ಕಾರ ಅವರ ಪರವಾನಗಿ ಕಸಿಯುವಂತಿಲ್ಲ ಎಂದಿತು. ಆ ತೀರ್ಪು ವೈದ್ಯರನ್ನು ಕಾಪಾಡಿತು. ರೋಗಿಯನ್ನು ಕಾಪಾಡುವ ಹೊಣೆ ಅದರದಾಗಿರಲಿಲ್ಲ.

ಇನ್ನು ಸಮರ್ಥನೆ ಎಂಬ ಮಾತು. ಚಾಲನಾ ಪರವಾನಗಿ ಇದ್ದವನನ್ನು ಪೊಲೀಸರು ತಡೆದರೆ ಅವನು ಕಾರ್ಡ್ ತೋರಿಸುತ್ತಾನೆ, ಮುಂದೆ ಹೋಗುತ್ತಾನೆ. ಆತ್ಮರಕ್ಷಣೆಗಾಗಿ ಹೊಡೆದವನ ಕಥೆ ಬೇರೆ. ಅವನು ಮೊದಲು ಬಂಧನಕ್ಕೆ ಒಳಗಾಗಬಹುದು, ಆರೋಪ ಎದುರಿಸಬಹುದು. ಹೊಡೆದದ್ದು ನಿಜ, ಆದರೆ ಹೊಡೆಯಲು ಕಾನೂನು ಒಪ್ಪುವ ಕಾರಣವಿತ್ತು ಎಂದು ನ್ಯಾಯಾಲಯದಲ್ಲಿ ಹೇಳಬೇಕು. ನಮ್ಮ ಸಾಕ್ಷ್ಯ ಅಧಿನಿಯಮದ ಹಳೆಯ 105ನೇ ಕಲಮು ಬಲ್ಲವರಿಗೆ ಇದು ಹೊಸತಲ್ಲ. ಅಪವಾದದ ಲಾಭ ಕೇಳುವವನೇ ಅದನ್ನು ರುಜುವಾತುಪಡಿಸಬೇಕು. ವಾಷಿಂಗ್ಟನ್‌ನ ನ್ಯಾಯಾಲಯಗಳು ವೈದ್ಯರ ಪತ್ರವನ್ನು ಈ ಎರಡನೇ ಸಾಲಿನಲ್ಲಿಟ್ಟವು. ಸಾಮಾನ್ಯ ಕ್ರಿಮಿನಲ್ ಮೊಕದ್ದಮೆಯಲ್ಲಿ ಸಂಶಯಕ್ಕೆಡೆಯಿಲ್ಲದಂತೆ ಅಪರಾಧವನ್ನು ಸಾಬೀತುಪಡಿಸುವ ಭಾರ ಸರ್ಕಾರದ ಮೇಲಿರುತ್ತದೆ. ಇಲ್ಲಿ ರೋಗಿಯೇ ಎದ್ದು ನಿಂತು, ಹೌದು, ನನ್ನ ಬಳಿ ಗಾಂಜಾ ಇತ್ತು ಎಂದು ಒಪ್ಪಿಕೊಂಡು, ಅದು ಕಾನೂನಿನ ಎಲ್ಲ ಷರತ್ತುಗಳಿಗೂ ಒಳಪಟ್ಟಿತ್ತು ಎಂದು ತೋರಿಸಬೇಕು.

ಸ್ಟೀವನ್ಸ್ ಕೌಂಟಿಯ ಆ ಮನುಷ್ಯನಿಗೆ ಆ ಅವಕಾಶವೂ ಸಿಗಲಿಲ್ಲ. ಪತ್ರದಲ್ಲಿ ವೈದ್ಯರು ಬರೆದ ಕಾಯಿಲೆ ಕಾನೂನಿನ ಪಟ್ಟಿಯಲ್ಲಿ ಇರಲಿಲ್ಲ. ಆದ್ದರಿಂದ ಅವನು ಕಾನೂನು ಒಪ್ಪುವ ರೋಗಿಯೇ ಅಲ್ಲ ಎಂದಾಯಿತು. ಪಟ್ಟಿಯಲ್ಲಿ ಕ್ಯಾನ್ಸರ್, ಎಚ್‌ಐವಿ, ಮೂರ್ಛೆರೋಗ, ಗ್ಲಾಕೋಮಾ, ಬೇರೆ ಚಿಕಿತ್ಸೆಗೆ ಬಗ್ಗದ ನೋವು ಮುಂತಾದವಿದ್ದವು. ಆಘಾತದ ನಂತರ ಕಾಡುವ ಮಾನಸಿಕ ಒತ್ತಡ ಸೇರಿದ್ದು 2015ರಲ್ಲಿ. ಇದನ್ನು ಓದುವಾಗ ನನಗೆ ಸಂಕಟವಾಗುತ್ತದೆ. ಪತ್ರಕ್ಕೆ ಸಹಿ ಹಾಕಿದವರು ಪರವಾನಗಿ ಪಡೆದ ವೈದ್ಯರು. ಪಟ್ಟಿಯಲ್ಲಿ ಏನಿದೆ, ಏನಿಲ್ಲ ಎಂದು ತಿಳಿದಿರಬೇಕಾದವರು ಅವರು. ತಪ್ಪು ಅವರದಾದರೂ ಶಿಕ್ಷೆ ರೋಗಿಗೆ.

ಈ ಗೋಜಲು ಹುಟ್ಟಿದ್ದು ಹೇಗೆ? 1998ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಮತದಾರರು ವೈದ್ಯಕೀಯ ಗಾಂಜಾಕ್ಕೆ ಅವಕಾಶ ಕೊಡುವ 692ನೇ ಇನಿಷಿಯೇಟಿವ್ ಅನ್ನು, ಎಂದರೆ ಜನರೇ ನೇರವಾಗಿ ಮತ ಹಾಕಿ ಮಾಡುವ ಕಾನೂನನ್ನು, ಅಂಗೀಕರಿಸಿದರು. ರೋಗಿ 60 ದಿನಗಳಿಗೆ ಬೇಕಾದಷ್ಟು ಗಾಂಜಾ ಇಟ್ಟುಕೊಳ್ಳಬಹುದು ಎಂದು ಅದರಲ್ಲಿತ್ತು, ಆದರೆ 60 ದಿನಗಳಿಗೆ ಎಷ್ಟು ಬೇಕು ಎಂದು ಹೇಳಿರಲಿಲ್ಲ. ಹತ್ತು ವರ್ಷ ಕಳೆದ ಮೇಲೆ, 2008ರಲ್ಲಿ, ಆರೋಗ್ಯ ಇಲಾಖೆ 24 ಔನ್ಸ್ (ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ) ಮತ್ತು 15 ಗಿಡಗಳ ಲೆಕ್ಕವನ್ನು ನಿಗದಿಪಡಿಸಿತು. ಅದುವರೆಗೆ ಎಷ್ಟು ಹೆಚ್ಚು, ಎಷ್ಟು ಕಡಿಮೆ ಎಂಬುದು ಬಾಗಿಲಿಗೆ ಬಂದ ಪೊಲೀಸರ ಮತ್ತು ಆಮೇಲೆ ಕುಳಿತ ಜ್ಯೂರಿಯ ಮನಸ್ಸಿಗೆ ಬಿಟ್ಟದ್ದಾಗಿತ್ತು.

ಫ್ರೈ ತೀರ್ಪಿನ ಮರುವರ್ಷ ಶಾಸನಸಭೆ ಇದನ್ನು ಸರಿಪಡಿಸಲು ಹೊರಟಿತು. ರೋಗಿಗಳ ನೋಂದಣಿ ಪುಸ್ತಕವೊಂದನ್ನು ತೆರೆದು, ಅದರಲ್ಲಿ ಹೆಸರಿದ್ದವರನ್ನು ಬಂಧಿಸುವಂತೆಯೇ ಇಲ್ಲ ಎನ್ನುವ ಮಸೂದೆ 2011ರಲ್ಲಿ ಪಾಸಾಯಿತು. ಆಗ ರಾಜ್ಯದಲ್ಲಿದ್ದ ಕೇಂದ್ರ ಸರ್ಕಾರದ ಇಬ್ಬರು ಮುಖ್ಯ ವಕೀಲರು ಗವರ್ನರ್ ಕ್ರಿಸ್ಟೀನ್ ಗ್ರೆಗೋಯರ್ ಅವರಿಗೆ ಪತ್ರ ಬರೆದು, ಇಂಥ ಪರವಾನಗಿ ವ್ಯವಸ್ಥೆಯನ್ನು ನಡೆಸುವ ರಾಜ್ಯ ನೌಕರರಿಗೂ ಕೇಂದ್ರ ಕಾನೂನಿನಿಂದ ರಕ್ಷಣೆ ಇರುವುದಿಲ್ಲ ಎಂದು ಎಚ್ಚರಿಸಿದರು. ಗವರ್ನರ್ ಮಸೂದೆಯ ಹಲವು ಭಾಗಗಳನ್ನು ವೀಟೋ ಮಾಡಿದರು. ನೋಂದಣಿ ಪುಸ್ತಕವೂ ಹೋಯಿತು. ಬಂಧನದಿಂದ ರಕ್ಷಣೆ ಕೊಡುವ ಕಲಮು ಕಾಗದದ ಮೇಲೆ ಉಳಿಯಿತು, ಆದರೆ ಅದರ ಷರತ್ತು ಪೂರೈಸಲು ಬೇಕಾದ ಪುಸ್ತಕವೇ ಇರಲಿಲ್ಲ. ಬಾಗಿಲು ಇದೆ, ಬೀಗದಕೈಯನ್ನು ಯಾರೂ ತಯಾರಿಸಿಲ್ಲ ಎಂಬ ಸ್ಥಿತಿ. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ರೀಸ್ ಪ್ರಕರಣದಲ್ಲಿ ಇದನ್ನೇ ಹೇಳಿತು. ಪುಸ್ತಕ ಇಲ್ಲದಿರುವುದರಿಂದ ಯಾರೂ ನೋಂದಾಯಿತ ರೋಗಿಯಾಗಲಾರರು, ಹಾಗಾಗಿ ಎಲ್ಲರಿಗೂ ಉಳಿದಿರುವುದು ಹಳೆಯ ಸಮರ್ಥನೆ ಮಾತ್ರ. ರಾಜ್ಯದ ನೌಕರರು ಕಷ್ಟಕ್ಕೆ ಸಿಲುಕಬಾರದು ಎಂದು ಮಾಡಿದ ವೀಟೋದ ಬೆಲೆಯನ್ನು ರೋಗಿಗಳು ತೆತ್ತರು.

ಇಷ್ಟರ ನಡುವೆ 2012ರಲ್ಲಿ 502ನೇ ಇನಿಷಿಯೇಟಿವ್ ಬಂದು 21 ವರ್ಷ ದಾಟಿದ ಯಾರು ಬೇಕಾದರೂ ಅಂಗಡಿಯಿಂದ ಒಂದು ಔನ್ಸ್ ಗಾಂಜಾ ಕೊಳ್ಳಬಹುದು ಎಂದಾಗಿತ್ತು. ಇನ್ನು ವೈದ್ಯರ ಪತ್ರ ಏಕೆ ಬೇಕು ಎಂದು ಕೇಳುವವರಿದ್ದಾರೆ. ಬೇಕು. ಏಕೆಂದರೆ ವಾಷಿಂಗ್ಟನ್‌ನಲ್ಲಿ ಖುಷಿಗಾಗಿ ಬಳಸುವವರು ಮನೆಯಲ್ಲಿ ಒಂದು ಗಿಡವನ್ನೂ ಬೆಳೆಸುವಂತಿಲ್ಲ. ಬೆಳೆಸಿದರೆ ಅದು ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಅಂಗಡಿಯ ಗಾಂಜಾದ ಮೇಲೆ 37 ಶೇಕಡಾ ಅಬಕಾರಿ ತೆರಿಗೆ ಬೇರೆ. ದಿನವೂ ಔಷಧವಾಗಿ ಬಳಸುವವರಿಗೆ, ಅದರಲ್ಲೂ ಕೆಲಸಕ್ಕೆ ಹೋಗಲಾಗದಷ್ಟು ಕಾಯಿಲೆಯವರಿಗೆ, ಮನೆಯ ಗಿಡವೇ ಕೈಗೆಟುಕುವ ದಾರಿ. ಮೊಕದ್ದಮೆ ಹುಟ್ಟುವ ಜಾಗವೂ ಹೆಚ್ಚಾಗಿ ಅದೇ.

ಈಗಿರುವ ವ್ಯವಸ್ಥೆ 2016ರ ಜುಲೈ 1ರಿಂದ ಜಾರಿಗೆ ಬಂದದ್ದು. ಇದರಲ್ಲಿ ರೋಗಿಗಳು ಎರಡು ದರ್ಜೆಯಾಗಿದ್ದಾರೆ. ಆರೋಗ್ಯ ಇಲಾಖೆಯ ನಮೂನೆಯಲ್ಲಿ ವೈದ್ಯರು ಸಹಿ ಮಾಡಿದ ಪತ್ರವನ್ನು ಹಿಡಿದುಕೊಂಡು, ವೈದ್ಯಕೀಯ ಮಾರಾಟದ ಮುದ್ರೆ ಪಡೆದ ಗಾಂಜಾ ಅಂಗಡಿಗೆ ಹೋಗಬೇಕು. ಅಲ್ಲಿರುವ ತರಬೇತಾದ ಸಲಹೆಗಾರರು ರೋಗಿಯ ಹೆಸರನ್ನು ಇಲಾಖೆಯ ದತ್ತಾಂಶಕ್ಕೆ ಸೇರಿಸಿ, ಫೋಟೋ ತೆಗೆದು, ಕಾರ್ಡ್ ಕೊಡುತ್ತಾರೆ. ಈ ಕಾರ್ಡ್ ಇದ್ದವರು ಆರು ಗಿಡ ಬೆಳೆಸಬಹುದು, ಅವುಗಳಿಂದ ಬಂದ ಎಂಟು ಔನ್ಸ್ ಇಟ್ಟುಕೊಳ್ಳಬಹುದು. ವೈದ್ಯರು ಅಗತ್ಯವಿದೆ ಎಂದು ಬರೆದರೆ 15 ಗಿಡ, 16 ಔನ್ಸ್. ಮಿತಿಯೊಳಗಿರುವವರೆಗೆ ಅವರನ್ನು ರಾಜ್ಯದ ಕಾನೂನಿನಡಿ ಬಂಧಿಸುವಂತಿಲ್ಲ, ಆರೋಪ ಹೊರಿಸುವಂತಿಲ್ಲ. ಕಾರ್ಡ್ ಮಾಡಿಸದೆ ಬರೀ ಪತ್ರ ಇಟ್ಟುಕೊಂಡವರಿಗೆ ನಾಲ್ಕು ಗಿಡ, ಆರು ಔನ್ಸ್. ಅವರಿಗೆ ದಕ್ಕುವುದು ಅದೇ ಹಳೆಯ ಸಮರ್ಥನೆ. ಬಂಧನವಾಗಬಹುದು, ಆರೋಪಪಟ್ಟಿ ಬರಬಹುದು, ಆಮೇಲೆ ವಾದಿಸಿ ಗೆಲ್ಲಬೇಕು.

ಕಾನೂನಿನ ಪ್ರಕಾರ ನೋಂದಣಿ ರೋಗಿಯ ಇಷ್ಟಕ್ಕೆ ಬಿಟ್ಟದ್ದು. ಹಾಗೆ ಹೇಳುವುದು ಸುಲಭ. ಕೇಂದ್ರ ಕಾನೂನಿನ ಕಣ್ಣಲ್ಲಿ ಇಂದಿಗೂ ಅಪರಾಧವಾಗಿರುವ ವಸ್ತುವನ್ನು ನಾನು ಬಳಸುತ್ತೇನೆ ಎಂದು ಸರ್ಕಾರಿ ಪಟ್ಟಿಯೊಂದರಲ್ಲಿ ಹೆಸರು, ಹುಟ್ಟಿದ ದಿನಾಂಕ ಬರೆಸುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಸರ್ಕಾರಿ ಕೆಲಸದವರು, ಮಕ್ಕಳ ಪಾಲನೆಯ ವಿಚಾರದಲ್ಲಿ ವಿಚ್ಛೇದನದ ನ್ಯಾಯಾಲಯದಲ್ಲಿರುವವರು, ಪೌರತ್ವಕ್ಕೆ ಕಾಯುತ್ತಿರುವವರು ಹಿಂಜರಿಯುತ್ತಾರೆ. ಅವರ ಅಂಜಿಕೆಗೆ ಕಾರಣವಿದೆ. ಒಬ್ಬ ಗವರ್ನರೇ ಆ ಪಟ್ಟಿಗೆ ಅಂಜಿ ವೀಟೋ ಮಾಡಿದ್ದರಲ್ಲ! ಬಂಧನದ ಭಯವೋ ಪಟ್ಟಿಯ ಭಯವೋ ಆರಿಸಿಕೊಳ್ಳಿ ಎಂದು ರೋಗಿಗೆ ಹೇಳುವ ಕಾನೂನನ್ನು ನಾನು ಒಳ್ಳೆಯ ಕಾನೂನು ಎನ್ನಲಾರೆ.

ಗಿಡದ ಲೆಕ್ಕವಷ್ಟೇ ಅಲ್ಲ, ಗಾಂಜಾ ಯಾವ ರೂಪದಲ್ಲಿದೆ ಎಂಬುದೂ ಮನುಷ್ಯನನ್ನು ಜೈಲಿಗೆ ಕಳಿಸಬಲ್ಲದು. ಅರಿಜೋನಾ ರಾಜ್ಯದ ಪ್ರೆಸ್ಕಾಟ್‌ನಲ್ಲಿ 2013ರಲ್ಲಿ ಕಾರ್ಡ್ ಹೊಂದಿದ ರೋಗಿಯೊಬ್ಬನ ಬಳಿ 0.05 ಔನ್ಸ್, ಎಂದರೆ ಒಂದೂವರೆ ಗ್ರಾಂನಷ್ಟು ಹಶೀಶ್ ಸಿಕ್ಕಿತು. ಮತದಾರರು ಒಪ್ಪಿದ ವೈದ್ಯಕೀಯ ಕಾನೂನು ಗಿಡಕ್ಕೆ ಅನ್ವಯಿಸುತ್ತದೆ, ಗಿಡದಿಂದ ತೆಗೆದ ಅಂಟಿಗೆ ಅಲ್ಲ ಎಂದು ಸರ್ಕಾರದ ವಕೀಲರು ವಾದಿಸಿದರು. ಎರಡೂವರೆ ವರ್ಷದ ಶಿಕ್ಷೆಯಾಯಿತು. 2019ರ ಮೇ ತಿಂಗಳಲ್ಲಿ ಅರಿಜೋನಾ ಸುಪ್ರೀಂ ಕೋರ್ಟ್ ಅಂಟೂ ಗಿಡದ ಭಾಗವೇ ಎಂದು ಹೇಳಿ ಶಿಕ್ಷೆಯನ್ನು ರದ್ದುಪಡಿಸಿತು. ಆ ಹೊತ್ತಿಗೆ ಆತ ಶಿಕ್ಷೆಯನ್ನು ಅನುಭವಿಸಿ ಮುಗಿಸಿದ್ದ.

ಇದೆಲ್ಲವೂ ರಾಜ್ಯದ ನ್ಯಾಯಾಲಯದ ಮಾತು. ಮೊಕದ್ದಮೆ ಕೇಂದ್ರದ ನ್ಯಾಯಾಲಯಕ್ಕೆ ಹೋದರೆ ಜ್ಯೂರಿಯ ಮುಂದೆ ವೈದ್ಯರ ಪತ್ರದ ಹೆಸರೆತ್ತುವುದಕ್ಕೂ ಅವಕಾಶವಿಲ್ಲ. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಓಕ್‌ಲ್ಯಾಂಡ್‌ನ ಸಹಕಾರ ಸಂಘವೊಂದರ ಪ್ರಕರಣದಲ್ಲಿ ವೈದ್ಯಕೀಯ ಅಗತ್ಯ ಎಂಬ ಸಮರ್ಥನೆಯೇ ಕೇಂದ್ರ ಕಾನೂನಿನಲ್ಲಿ ಇಲ್ಲ ಎಂದಿತು. 2005ರಲ್ಲಿ ಗೊಂಜಾಲೆಸ್ ವಿರುದ್ಧ ರೈಚ್ ಪ್ರಕರಣದಲ್ಲಿ 6-3 ಬಹುಮತದಿಂದ, ಮನೆಯಲ್ಲಿ ತನಗಾಗಿಯೇ ಬೆಳೆದ ಗಿಡದ ಮೇಲೂ ಕೇಂದ್ರಕ್ಕೆ ಅಧಿಕಾರವಿದೆ ಎಂದು ತೀರ್ಮಾನಿಸಿತು.

ಇದರ ಬಿಸಿ ತಗುಲಿದ್ದು ಮತ್ತೆ ಅದೇ ಸ್ಟೀವನ್ಸ್ ಕೌಂಟಿಗೆ. ಕೆಟಲ್ ಫಾಲ್ಸ್ ಎಂಬ ಸಣ್ಣ ಊರಿನ ಬಳಿ ಒಂದು ಕುಟುಂಬದ ನಾಲ್ವರು ಮತ್ತು ಒಬ್ಬ ಸ್ನೇಹಿತ, ಐವರೂ ವೈದ್ಯರ ಪತ್ರ ಪಡೆದವರು, ಒಟ್ಟಾಗಿ ಗಿಡ ಬೆಳೆದಿದ್ದರು. ಹಸಿರು ಶಿಲುಬೆಯ ಗುರುತನ್ನೂ ಹಾಕಿದ್ದರು, ವೈದ್ಯಕೀಯ ತೋಟವೆಂದು ಮೇಲಿನಿಂದ ನೋಡುವವರಿಗೂ ತಿಳಿಯಲಿ ಎಂದು. 2012ರ ಆಗಸ್ಟ್‌ನಲ್ಲಿ ದಾಳಿಯಾಯಿತು. ಕೇಂದ್ರದ ವಕೀಲರು ಮೊಕದ್ದಮೆ ಹೂಡಿದರು. ವೈದ್ಯಕೀಯ ಕಾರಣವನ್ನು ಜ್ಯೂರಿಯ ಮುಂದೆ ಹೇಳಲು ನ್ಯಾಯಾಧೀಶರು ಬಿಡಲಿಲ್ಲ. ಕುಟುಂಬದ ಹಿರಿಯರಿಗೆ ಕ್ಯಾನ್ಸರ್ ಕೊನೆಯ ಹಂತಕ್ಕೆ ಬಂದಿದ್ದರಿಂದ ಅವರ ಮೇಲಿನ ಆರೋಪವನ್ನು ಕೈಬಿಡಲಾಯಿತು. 2015ರ ಮಾರ್ಚ್‌ನಲ್ಲಿ ಉಳಿದವರಲ್ಲಿ ಮೂವರನ್ನು ಗಿಡ ಬೆಳೆಸಿದ ಆರೋಪದಲ್ಲಿ ಜ್ಯೂರಿ ತಪ್ಪಿತಸ್ಥರೆಂದಿತು, ಹಂಚಿಕೆ ಮತ್ತು ಬಂದೂಕಿನ ಆರೋಪಗಳಿಂದ ಬಿಟ್ಟಿತು. ಆ ವರ್ಷವೇ ಹಿರಿಯರು ತೀರಿಕೊಂಡರು.

ವಿಚಿತ್ರವೆಂದರೆ, ಆ ತೀರ್ಪು ಬರುವ ಮೂರು ತಿಂಗಳ ಮೊದಲೇ, 2014ರ ಡಿಸೆಂಬರ್‌ನಲ್ಲಿ, ಕಾಂಗ್ರೆಸ್ ಬಜೆಟ್ ಮಸೂದೆಯೊಳಗೆ ಒಂದು ವಾಕ್ಯ ಸೇರಿಸಿತ್ತು. ರಾಜ್ಯಗಳು ತಮ್ಮ ವೈದ್ಯಕೀಯ ಗಾಂಜಾ ಕಾನೂನನ್ನು ಜಾರಿಗೊಳಿಸುವುದನ್ನು ತಡೆಯಲು ನ್ಯಾಯ ಇಲಾಖೆ ಹಣ ಖರ್ಚು ಮಾಡುವಂತಿಲ್ಲ ಎಂಬ ವಾಕ್ಯ. 2016ರ ಆಗಸ್ಟ್‌ನಲ್ಲಿ ಒಂಬತ್ತನೇ ಸರ್ಕಿಟ್ ಮ್ಯಾಕಿಂಟಾಶ್ ತೀರ್ಪಿನಲ್ಲಿ ಅದಕ್ಕೆ ಅರ್ಥ ಬರೆಯಿತು. ರಾಜ್ಯದ ಕಾನೂನನ್ನು ಕಟ್ಟುನಿಟ್ಟಾಗಿ ಪಾಲಿಸಿದವರ ಮೇಲೆ ಈ ಹಣದಿಂದ ಮೊಕದ್ದಮೆ ನಡೆಸುವಂತಿಲ್ಲ. ಮೇಲ್ಮನವಿಯ ಹಂತದಲ್ಲಿ, 2017ರಲ್ಲಿ, ಕೆಟಲ್ ಫಾಲ್ಸ್ ಮೊಕದ್ದಮೆಯನ್ನು ಮುಂದುವರಿಸಲು ತನಗೆ ಅಧಿಕಾರ ಇರಲಿಲ್ಲವೆಂದು ಸರ್ಕಾರವೇ ಒಪ್ಪಿಕೊಂಡಿತು. ಆದರೆ ಈ ರಕ್ಷಣೆ ಕಾಂಗ್ರೆಸ್ ಪ್ರತಿ ಬಾರಿ ಬಜೆಟ್‌ನಲ್ಲಿ ಆ ವಾಕ್ಯವನ್ನು ಮತ್ತೆ ಸೇರಿಸುವವರೆಗೆ ಮಾತ್ರ. ಕೃತ್ಯ ಅಪರಾಧವಾಗಿಯೇ ಉಳಿದಿದೆ, ಬೆನ್ನಟ್ಟುವವರ ಹಣದ ಚೀಲವನ್ನಷ್ಟೇ ಕಟ್ಟಲಾಗಿದೆ. ಮ್ಯಾಕಿಂಟಾಶ್ ತೀರ್ಪೇ ಇದನ್ನು ಸ್ಪಷ್ಟವಾಗಿ ಎಚ್ಚರಿಸಿದೆ. ಕಟ್ಟುನಿಟ್ಟು ಎಂಬ ಮಾತಿನ ತೂಕವನ್ನೂ ಗಮನಿಸಬೇಕು. ಆರು ಗಿಡದ ಜಾಗದಲ್ಲಿ ಏಳು ಇದ್ದರೆ ರಾಜ್ಯದ ರಕ್ಷಣೆಯೂ ಅಲುಗಾಡುತ್ತದೆ, ಅದರ ಬೆನ್ನಿಗೇ ಕೇಂದ್ರದ ರಕ್ಷಣೆಯೂ ಅಲುಗಾಡುತ್ತದೆ.

ಸಿಯಾಟಲ್, ಬೆಲ್ವ್ಯೂ, ರೆಡ್ಮಂಡ್ ಸುತ್ತಮುತ್ತ ಸಾಫ್ಟ್‌ವೇರ್ ಕೆಲಸಕ್ಕೆಂದು ಹೋಗಿ ನೆಲೆಸಿದ ಕನ್ನಡ ಕುಟುಂಬಗಳು ಬಹಳ. ಬೆನ್ನುನೋವಿಗೋ ಕೀಮೋಥೆರಪಿಯ ವಾಕರಿಕೆಗೋ ಅಲ್ಲಿನ ವೈದ್ಯರು ಈ ದಾರಿ ಸೂಚಿಸಿದರೆ, ಎಚ್-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಮೇಲಿರುವವರಿಗೆ ಮೇಲೆ ಹೇಳಿದ ಯಾವ ರಕ್ಷಣೆಯೂ ಪೂರ್ತಿ ಸಿಗುವುದಿಲ್ಲ. ವಲಸೆ ಕಾನೂನು ಕೇಂದ್ರದ್ದು, ಅದು ನೋಡುವುದು ಕೇಂದ್ರದ ಪಟ್ಟಿಯನ್ನೇ. ಗಾಂಜಾ ಅಪರಾಧದಲ್ಲಿ ಶಿಕ್ಷೆಯಾದರೆ ಗಡಿಪಾರಿಗೆ ಕಾರಣವಾಗಬಹುದು. ಸ್ವಂತ ಬಳಕೆಗೆ 30 ಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡ ಒಂದೇ ಒಂದು ಪ್ರಕರಣಕ್ಕೆ ಮಾತ್ರ ಅಲ್ಲಿ ವಿನಾಯಿತಿ ಇದೆ. ದೇಶದೊಳಗೆ ಪ್ರವೇಶಿಸುವ ವಿಚಾರದಲ್ಲಂತೂ ಶಿಕ್ಷೆಯಾಗಿರಲೇಬೇಕೆಂದಿಲ್ಲ, ಅಪರಾಧದ ಅಂಶಗಳನ್ನು ಬಾಯಿಬಿಟ್ಟು ಒಪ್ಪಿಕೊಂಡರೂ ಸಾಕು. 2019ರ ಏಪ್ರಿಲ್‌ನಲ್ಲಿ ಪೌರತ್ವ ಇಲಾಖೆ ಹೊರಡಿಸಿದ ಮಾರ್ಗಸೂಚಿ ರಾಜ್ಯದ ಕಾನೂನು ಒಪ್ಪಿದ ಗಾಂಜಾ ಬಳಕೆಯೂ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದು ಎಂದಿದೆ.

ಈ ಜಾಗದಲ್ಲಿ ಒಂದು ಕ್ಷಣ ನಿಲ್ಲಬೇಕು. ಪತ್ರದ ಸಮರ್ಥನೆ ಆರಂಭವಾಗುವುದೇ ಹೌದು, ನನ್ನ ಬಳಿ ಇತ್ತು ಎಂಬ ಒಪ್ಪಿಗೆಯಿಂದ. ಪೌರನಲ್ಲದವರಿಗೆ ಆ ಮಾತು ಎಲ್ಲಿ, ಯಾರ ಎದುರು, ಯಾವ ರೂಪದಲ್ಲಿ ಹೊರಡುತ್ತದೆ ಎಂಬುದು ಬಹಳ ಮುಖ್ಯ. ಕ್ರಿಮಿನಲ್ ವಕೀಲರು ಒಳ್ಳೆಯ ರಾಜಿ ಎಂದು ತಂದ ತಪ್ಪೊಪ್ಪಿಗೆ ವೀಸಾಕ್ಕೆ ಮುಳುವಾಗಬಹುದು. ಆದ್ದರಿಂದ ಯಾವ ಕಾಗದಕ್ಕೂ ಸಹಿ ಹಾಕುವ ಮೊದಲು ವಲಸೆ ವಕೀಲರೊಬ್ಬರ ಕಣ್ಣಿಗೆ ಅದು ಬೀಳಲೇಬೇಕು. ನಾಚಿಕೆಯಿಂದ ಯಾರಿಗೂ ಹೇಳದೆ, ಸಣ್ಣ ದಂಡ ಕಟ್ಟಿ ಮುಗಿಸಿಬಿಡೋಣ ಎಂದುಕೊಳ್ಳುವುದು ನಮ್ಮವರಲ್ಲಿ ಸಹಜ. ದಯವಿಟ್ಟು ಹಾಗೆ ಮಾಡಬೇಡಿ.

ರಾಜ್ಯದ ಗಡಿಯೂ ನೆನಪಿರಲಿ. ಬೇಸಿಗೆ ರಜೆಯಲ್ಲಿ ಸಿಯಾಟಲ್‌ನಿಂದ ಯೆಲ್ಲೋಸ್ಟೋನ್ ನೋಡಲು 90ನೇ ಹೆದ್ದಾರಿ ಹಿಡಿದವರು ಸ್ಪೋಕೇನ್ ದಾಟಿದ ಸ್ವಲ್ಪ ಹೊತ್ತಿಗೆ ಐಡಾಹೋ ಸೇರುತ್ತಾರೆ. ಆ ರಾಜ್ಯದಲ್ಲಿ ವೈದ್ಯಕೀಯ ಗಾಂಜಾ ಎಂಬುದೇ ಇಲ್ಲ, ವಾಷಿಂಗ್ಟನ್‌ನ ಪತ್ರಕ್ಕೂ ಕಾರ್ಡಿಗೂ ಅಲ್ಲಿ ಬೆಲೆಯಿಲ್ಲ. ಮೂರು ಔನ್ಸ್‌ಗಿಂತ ಕಡಿಮೆ ಇದ್ದರೂ ಒಂದು ವರ್ಷದವರೆಗೆ ಜೈಲು ಸಾಧ್ಯ. ವಾಷಿಂಗ್ಟನ್‌ನೊಳಗೇ ಕಾರು ಓಡಿಸುವವರಿಗೂ, ಒಂದು ಮಿಲಿಲೀಟರ್ ರಕ್ತದಲ್ಲಿ ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ 5 ನ್ಯಾನೋಗ್ರಾಂ ಮುಟ್ಟಿದರೆ ಅಮಲಿನ ಚಾಲನೆ ಎಂದೇ ಲೆಕ್ಕ. ರೋಗಿಗಳಿಗೆ ಇದರಲ್ಲಿ ರಿಯಾಯಿತಿ ಇಲ್ಲ.

ಅಲ್ಲಿಂದ ಊರಿಗೆ ಬರುವವರು ಚೀಲದಲ್ಲಿ ಗಾಂಜಾ ಎಣ್ಣೆಯ ಬಾಟಲಿಯನ್ನೋ ಮಿಠಾಯಿಯನ್ನೋ ಇಟ್ಟುಕೊಂಡು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಳಿಯುವ ಯೋಚನೆಯನ್ನೇ ಮಾಡಬಾರದು. ನಮ್ಮ ದೇಶದ ಮಾದಕವಸ್ತು ಕಾನೂನಾದ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ವಿದೇಶಿ ವೈದ್ಯರ ಇಂಥ ಪತ್ರಕ್ಕೆ ಸ್ಥಾನವಿಲ್ಲ. ಆ ಕಾಯ್ದೆಯೂ ರೂಪವನ್ನು ನೋಡುತ್ತದೆ. ಗಾಂಜಾ ಎಂದರೆ ಹೂಗೊಂಚಲು. ಹೂಗೊಂಚಲಿನ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರಿಲ್ಲ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಜಾಮೀನು ಅರ್ಜಿಯೊಂದರಲ್ಲಿ ಭಂಗ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದದ್ದು ಇದೇ ವ್ಯಾಖ್ಯೆಯ ಆಧಾರದ ಮೇಲೆ. ಅಂಟಿನಿಂದ ಮಾಡಿದ ಗಟ್ಟಿ ಎಣ್ಣೆಯನ್ನು ಮಾತ್ರ ಕಾಯ್ದೆ ಚರಸ್ ಎಂದು ಗಾಂಜಾಗಿಂತ ಬಿಗಿಯಾಗಿ ಎಣಿಸುತ್ತದೆ. ಸಣ್ಣ ಪ್ರಮಾಣ ಎನ್ನಲು ಗಾಂಜಾಕ್ಕೆ ಒಂದು ಕಿಲೋ ಮಿತಿಯಿದ್ದರೆ ಚರಸ್‌ಗೆ 100 ಗ್ರಾಂ.

ಗಾಂಜಾವನ್ನು ಒಂದನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವವನ್ನು ಅಮೆರಿಕದ ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಮುಂದಿಟ್ಟಿತು. ಅನೇಕರು ಇದನ್ನು ಬಿಡುಗಡೆ ಎಂದು ಭಾವಿಸಿದರು. ಮೂರನೇ ಪಟ್ಟಿಯ ವಸ್ತುವನ್ನು ವೈದ್ಯರು ಚೀಟಿಯಲ್ಲಿ ಬರೆಯಬಹುದು, ನಿಜ. ಆದರೆ ಆ ಚೀಟಿಗೆ ಔಷಧ ಅಂಗಡಿಯಲ್ಲಿ ಸಿಗುವುದು ಔಷಧ ನಿಯಂತ್ರಣ ಇಲಾಖೆಯ ಒಪ್ಪಿಗೆ ಪಡೆದ ಔಷಧ ಮಾತ್ರ. ಹಿತ್ತಲಿನ ಆರು ಗಿಡ ಆ ಲೆಕ್ಕಕ್ಕೆ ಬರುವುದಿಲ್ಲ.

ಈಗ ಸ್ಟೀವನ್ಸ್ ಕೌಂಟಿಯ ಆ ಬಾಗಿಲಿಗೆ ಇಂದಿನ ಕಾನೂನನ್ನು ಹಚ್ಚಿ ನೋಡಿ. ಮನೆಯಲ್ಲಿದ್ದದ್ದು 32 ಔನ್ಸ್. ಬರೀ ಪತ್ರದ ಮಿತಿ ಆರು, ಕಾರ್ಡಿನ ಮಿತಿ ಎಂಟು, ವೈದ್ಯರು ಹೆಚ್ಚಿಸಿ ಬರೆದರೂ 16. ಅಧಿಕಾರಿಗಳು ಇಂದೂ ವಾರಂಟ್ ತರುತ್ತಿದ್ದರು. ಅದೇ ಮನೆಯಲ್ಲಿ ಐದು ಔನ್ಸ್, ಮೂರು ಗಿಡ ಇದ್ದು, ಹೆಂಡತಿ ತಂದು ತೋರಿಸಿದ್ದು ಪಟ್ಟಿಯಲ್ಲಿರುವ ಕಾಯಿಲೆಗೆ ಬರೆದ ಬರೀ ಪತ್ರವಾಗಿದ್ದರೆ? ಅವನು ಬಹುಶಃ ಮೊಕದ್ದಮೆ ಗೆಲ್ಲುತ್ತಿದ್ದ, ಬಂಧನ, ಜಾಮೀನು, ವಕೀಲರ ಶುಲ್ಕ, ಹಲವು ತಿಂಗಳ ಅಲೆದಾಟ ಎಲ್ಲ ಮುಗಿದ ಮೇಲೆ. ಅವಳ ಕೈಯಲ್ಲಿ ಅಂಗಡಿಯಲ್ಲಿ ಫೋಟೋ ತೆಗೆಸಿ ಮಾಡಿಸಿದ ಕಾರ್ಡ್ ಇದ್ದಿದ್ದರೆ, ಅಧಿಕಾರಿಗಳು ಗಿಡ ಎಣಿಸಿ ಹೊರಟುಹೋಗಬೇಕಾಗುತ್ತಿತ್ತು.